ಹಡಗಿನ ಕಾರಿಗೆ ನಾನು ಬಿಟ್ಟ ಎಣ್ಣೆ

ಮಾವಾ,

ನಿಮ್ಮ ಸೊಸೆ ಗಿರಿಜಾ ಬರೆಯುತ್ತಿದ್ದೇನೆ. ನೀವಿದ್ದಾಗ ನಿಮ್ಮೆದುರು ಬಾಯಿ ಬಿಡದೆ ಇದ್ದವಳು ನಾನು ಎಂದೇನಾದರೂ ಬರೆದರೆ ನೀವೇ ನಗುತ್ತೀರಿ. ಬೇಕಾದಷ್ಟು ಮಾತಾಡಿದ್ದೇನೆ, ಜಗಳವನ್ನೂ ಆಡಿದ್ದೇನೆ. ಈ ಒಂದು ಮಾತನ್ನು ಮಾತ್ರ ಯಾರೆದುರೂ ಆಡಲಾಗದೆ ಕಾಗದ ಹಿಡಿದು ಕೂತಿದ್ದೇನೆ. ನಿಮ್ಮ ಹಡಗಿನ ಕಾರು ಹೋಯಿತು. ಇಡಿಯಾಗಿ ಹೋಗಲಿಲ್ಲ.

ಮದುವೆಯಾಗಿ ಬಂದ ಮಾರನೇ ದಿನವೇ ನನ್ನನ್ನು ಕೊಬ್ಬರಿ ಶೆಡ್ಡಿಗೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದಿರಿ, ನೆನಪಿದೆಯೇ? ಮೇಲೆ ಅಟ್ಟದ ತುಂಬ ಒಣಗಲು ಬಿಟ್ಟ ತೆಂಗಿನಕಾಯಿ, ಕೆಳಗೆ ನಾಲ್ಕು ಕಲ್ಲಿನ ಮೇಲೆ ಕೂತ ಅಮೆರಿಕದ ಕಾರು. ಬಾನೆಟ್ಟಿನ ತುದಿಯಲ್ಲಿ ಪುಟ್ಟದೊಂದು ಹಡಗು. ಅದನ್ನು ನೋಡಿಯೇ ಊರಿನವರು ಹಡಗಿನ ಕಾರು ಎನ್ನುತ್ತಿದ್ದುದು. ತಿಪಟೂರಿನ ಮಂಡಿ ಸಾಹುಕಾರರಿಗೆ ನೀವು ಡ್ರೈವರೂ ಹೌದು, ಮೆಕ್ಯಾನಿಕ್ಕೂ ಹೌದು. ಅವರು ತೀರಿಕೊಂಡ ಮೇಲೆ ಮಕ್ಕಳು ಕಾರನ್ನು ಗುಜರಿಗೆ ಹಾಕಲು ಹೊರಟಾಗ ಕೇಳಿ ಪಡೆದು, ಲಾರಿಗೆ ಕಟ್ಟಿ ಮಾಯಸಂದ್ರದ ರಸ್ತೆಯಲ್ಲಿ ಎಳೆದು ತಂದಿದ್ದಿರಂತೆ. ಹೊಸ ಸೊಸೆಗೆ ದೇವರ ಮನೆಗಿಂತ ಮೊದಲು ಕಾರು ತೋರಿಸುವ ಇವರೆಂಥ ಮಾವನಪ್ಪಾ ಎಂದುಕೊಂಡಿದ್ದೆ.

ಸೋಮವಾರ ಬಂತೆಂದರೆ ನಿಮಗೆ ಎರಡು ಪೂಜೆ. ಲಿಂಗಪೂಜೆ ಮುಗಿಸಿ ನೇರ ಶೆಡ್ಡಿಗೆ. ಆರು ಪ್ಲಗ್ಗು ಬಿಚ್ಚಿ, ಒಂದೊಂದು ತೂತಿಗೂ ನಾಲ್ಕು ತೊಟ್ಟು ಮಿಷಿನ್ ಎಣ್ಣೆ ಬಿಟ್ಟು, ಮುಂದುಗಡೆ ಹ್ಯಾಂಡಲ್ ಹಾಕಿ ಅರ್ಧ ಸುತ್ತು ತಿರುಗಿಸುವುದು. ನಿಮ್ಮ ಮಗನಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ, ನಾನೇ ನಿಮಗೆ ಸಿಕ್ಕ ಶಿಷ್ಯೆ. ಓಡದ ಕಾರಿಗೆ ಇಷ್ಟು ಸೇವೆ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಓಡೋದು ಬುಡವ್ವ. ಅರ್ಧ ಸುತ್ತು ತಿರುಗ್ತಾ ಇದ್ರೆ ಸಾಕು, ಇಂಜಿನ್ ಬದುಕೈತೆ ಅಂತ ಲೆಕ್ಕ" ಅಂದಿರಿ.

ಆಸ್ಪತ್ರೆಯಲ್ಲಿ ಕೊನೆಯ ಸಲ ನೀವು ನನ್ನ ಕೈ ಹಿಡಿದಾಗ ಮನೆಯ ವಿಷಯ ಏನೋ ಹೇಳುತ್ತೀರೆಂದು ಬಗ್ಗಿದೆ. "ಬಿಚ್ಚಿ ಮಾರಬ್ಯಾಡಿ ಕಣವ್ವ. ಓಡಿಸೋರು ಸಿಕ್ತಾರೆ, ಇಡಿಯಾಗಿ ಕೊಡು" ಎಂದಿರಿ. ಅದಕ್ಕೇ ನಾನು ಫೋನಿನಲ್ಲಿ ಫೋಟೋ ತೆಗೆದು ಮಾರಾಟಕ್ಕಿದೆ ಎಂದು ಹಾಕಿದ್ದು. ಫೋನುಗಳೇನೋ ಬಂದವು. ಒಬ್ಬರಿಗೆ ಬಂಪರ್ ಸಾಕು, ಇನ್ನೊಬ್ಬರಿಗೆ ದೀಪದ ಗಾಜು, ಮತ್ತೊಬ್ಬರಿಗೆ ಹಡಗು ಮಾತ್ರ. ಯಾವುದೋ ಹೋಟೆಲಿನವರು ಮುಂಭಾಗ ಕೊಯ್ದು ಗೋಡೆಗೆ ಸಿಕ್ಕಿಸುತ್ತೇವೆ ಎಂದಾಗ ನಾನು ಬೈದ ಬೈಗುಳ ನೀವು ಕೇಳಬೇಕಿತ್ತು. ನಾಲ್ಕು ವರ್ಷ ಯಾರಿಗೂ ಒಂದು ಬೋಲ್ಟು ಕೊಡಲಿಲ್ಲ.

ನೀವು ತೀರಿಕೊಂಡ ವರ್ಷವೇ ನಿಮ್ಮ ಎಣ್ಣೆ ಡಬ್ಬಿ ಖಾಲಿಯಾಯಿತು. ಅಂಗಡಿಯದು ಏನು ಕಲಬೆರಕೆಯೋ ಎಂದು ನಾನು ನಮ್ಮ ಗಾಣದ ಕೊಬ್ಬರಿ ಎಣ್ಣೆಯನ್ನೇ ಬಿಟ್ಟೆ. ಎಳೆ ಮಗುವಿನ ಮೈಗೆ ಹಚ್ಚುವುದು ಅದನ್ನೇ, ಬೀಗಕ್ಕೆ, ಬಾಗಿಲಿನ ಕೀಲಿಗೆ, ಎತ್ತಿನ ಕೊಂಬಿಗೆ ಎಲ್ಲಕ್ಕೂ ಅದೇ. ನಿಮ್ಮ ಕಾರಿಗೆ ಅದಕ್ಕಿಂತ ಒಳ್ಳೆಯದನ್ನು ಎಲ್ಲಿಂದ ತರಲಿ? ಮೊದಲ ಚಳಿಗಾಲಕ್ಕೇ ಹ್ಯಾಂಡಲ್ ಬಿಗಿಯಾಯಿತು. ನನ್ನ ರಟ್ಟೆಯಲ್ಲೇ ಶಕ್ತಿ ಇಲ್ಲ ಎಂದುಕೊಂಡು ಇನ್ನಷ್ಟು ಬಿಟ್ಟೆ. ಆಮೇಲೆ ಅದು ತಿರುಗುವುದನ್ನೇ ಬಿಟ್ಟಿತು, ನಾನು ಎಣ್ಣೆ ಬಿಡುವುದನ್ನು ಬಿಡಲಿಲ್ಲ. ಚಳಿಯಲ್ಲಿ ಹೆಪ್ಪುಗಟ್ಟಿದ ತಲೆ ಎಣ್ಣೆ ಬಾಟಲಿಯನ್ನು ದಿನಾ ಬಿಸಿಲಿಗೆ ಇಡುವವಳು ನಾನೇ ಅಲ್ಲವೇ? ನನಗೇ ಹೊಳೆಯಲಿಲ್ಲವೆಂದರೆ...

ಹೋದ ತಿಂಗಳು ಮೈಸೂರಿನಿಂದ ಇನಾಯತ್ ಸಾಹೇಬರು ಎಂಬವರು ಬಂದರು. ಹಳೇ ಕಾರುಗಳನ್ನು ಮತ್ತೆ ರಸ್ತೆಗಿಳಿಸುವುದೇ ಅವರ ಕಸುಬು. ಅಂಥ ಕಾರು ಕೂಡಿಡುವ ಗಿರಾಕಿಯೊಬ್ಬರು ಅವರನ್ನು ಕಳಿಸಿದ್ದರು. ಹುಟ್ಟಿದಾಗಿನ ಇಂಜಿನ್ನೇ ಇರಬೇಕು, ಅದು ತಿರುಗಬೇಕು, ಹಾಗಿದ್ದರೆ ಇಡಿಯಾಗಿ ಒಯ್ಯುತ್ತೇವೆ ಎಂದರು. ಇಂಜಿನ್ನಿನ ನಂಬರು ಕಾರಿನ ಕಾಗದಕ್ಕೆ ತಾಳೆಯಾಯಿತು. ಸಾಹೇಬರು ಬಾಗಿಲು ತೆಗೆದು ಮುಚ್ಚಿ ಅದರ ಸದ್ದು ಕೇಳುತ್ತಿದ್ದರೆ, ನೀವು ಕಾಯಿ ಅಲ್ಲಾಡಿಸಿ ಕಿವಿಗೆ ಹಿಡಿಯುತ್ತಿದ್ದ ಹಾಗೇ ಕಂಡಿತು. ಇವರೇ ನೀವು ಹೇಳಿದವರು ಎಂದು ನನ್ನ ಕಣ್ಣು ತುಂಬಿತು. ಆಮೇಲೆ ಅವರು ಹ್ಯಾಂಡಲ್ ಹಾಕಿದರು. ಕದಲಲಿಲ್ಲ. ಪ್ಲಗ್ಗು ಬಿಚ್ಚಿ, ತೂತಿನೊಳಗೆ ತಂತಿ ಆಡಿಸಿ, ತುದಿಯನ್ನು ಮೂಸಿ ನೋಡಿದರು. ನಿಮ್ಮ ಮಗ ಹೊರಗೆ ಫೋನಿನಲ್ಲಿದ್ದರು.

"ಕೊಬ್ರಿ ಎಣ್ಣೆ ಯಾರಮ್ಮ ಹಾಕಿದ್ದು?"

"ನಾನೇ ಸಾರ್. ವಾರ ವಾರ."

ಅವರು ತಂತಿಯನ್ನು ಬಟ್ಟೆಯಲ್ಲಿ ಒರೆಸಿದರು. "ಹೊಲಿಗೆ ಮಿಷಿನ್‌ಗೂ ಹಾಕಬಾರದಮ್ಮ ಅದು. ಕೂತಲ್ಲೇ ಅಂಟಾಗೋಗ್ತದೆ" ಎಂದರು.

ಎಂಟು ದಿನ ಡೀಸೆಲ್ ತುಂಬಿ ನೆನೆಸಿಟ್ಟರು. ನಾನು ಆ ಎಂಟು ದಿನವೂ ಉಪವಾಸವಿದ್ದೆ, ಯಾಕೆಂದು ಯಾರಿಗೂ ಹೇಳಲಿಲ್ಲ. ಒಂಬತ್ತನೆಯ ದಿನ ಬೆಂಕಿ ಹಿಡಿದು ಬಿಸಿ ಮಾಡಿ ತಿರುಗಿಸಲು ಹೋದಾಗ ಇಂಜಿನ್ನಿನ ಮೈ ಬಿರುಕು ಬಿಟ್ಟಿತು. ಗಿರಾಕಿ ಬೇಡವೆಂದರು. ಅಟ್ಟದ ಕಾಯಿಯನ್ನು ವರ್ಷದ ಮಟ್ಟಿಗೆ ಮುಟ್ಟದೆ ಇಟ್ಟರೆ ಕೊಬ್ಬರಿ ತಾನಾಗಿಯೇ ಚಿಪ್ಪು ಬಿಡುತ್ತದೆ. ಇದನ್ನೂ ನಾನು ಮುಟ್ಟದೆ ಇದ್ದಿದ್ದರೆ... ಏನಾಯಿತೆಂದು ನಿಮ್ಮ ಮಗ ಕೇಳಿದಾಗ ಸಾಹೇಬರು ನನ್ನ ಕಡೆ ನೋಡದೆ, ವಯಸ್ಸಾಗಿತ್ತು ಸಾರ್ ಎಂದಷ್ಟೇ ಹೇಳಿದರು. ಆ ಮನುಷ್ಯ ನನ್ನನ್ನು ಉಳಿಸಿದರು. ಉಳಿಸಬಾರದಿತ್ತು.

ಶೆಡ್ಡಿನ ಗೋಡೆ ಉಬ್ಬಿ ಬೀಳುವಂತಾಗಿತ್ತು, ಮಳೆಗೆ ಮುಂಚೆ ಕೆಡವಲೇಬೇಕಿತ್ತು. ಹಾಗಾಗಿ ನಿಮ್ಮ ಮಗ ಫೋನು ಮಾಡಿದವರನ್ನೆಲ್ಲ ಕರೆಸಿದರು. ಬಂಪರ್ ಒಂದು ಕಡೆ ಹೋಯಿತು, ಬಾಗಿಲುಗಳು ಒಂದು ಕಡೆ. ಹೋಟೆಲಿನವರೂ ಬಂದು ಮುಂಭಾಗ ಕೊಯ್ದುಕೊಂಡು ಹೋದರು. ಹಡಗನ್ನು ಬಿಚ್ಚಲು ಬಾರದೆ ಉಳಿಯಿಂದ ಎಬ್ಬಿಸಿದರು. ನೀವು ಬೇಡವೆಂದಿದ್ದು ಒಂದೇ ಒಂದು, ನಡೆದದ್ದೂ ಅದೇ.

ಮೊನ್ನೆ ಪಕ್ಕದ ತೋಟದವರು ಜಗಲಿಯಲ್ಲಿ ಕೂತು ಕಾರಿನ ಮಾತೆತ್ತಿದರು. ನಿಮ್ಮ ಮಗ, "ಎಲ್ಲಿ ತಿರುಗ್ತಿತ್ತು ಬುಡಿ. ಅದು ಯಾವ ಕಾಲದಲ್ಲೋ ಕಚ್ಕೊಂಡಿತ್ತು. ನಮ್ಮಪ್ಪ ಸುಮ್ಕೆ ಬದುಕೈತೆ ಬದುಕೈತೆ ಅಂತ ಬುರುಡೆ ಬಿಡ್ತಿದ್ರು" ಎಂದರು. ಎಲ್ಲರೂ ನಕ್ಕರು. ನಾನು ಕಾಫಿ ಲೋಟ ಇಟ್ಟು ಒಳಗೆ ಬಂದೆ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಾಯಿಲೆ ಹೇಳುತ್ತಿದ್ದ ನಿಮ್ಮನ್ನು ನಮ್ಮ ಮನೆಯ ಜಗಲಿಯಲ್ಲೇ ಬುರುಡೆಯವರು ಎಂದರು, ಮಾವಾ. ಕಾರು ಕೆಡಿಸಿದವಳು ಇದನ್ನೂ ಕೇಳಿಕೊಂಡು ಬಾಯಿ ಮುಚ್ಚಿಕೊಂಡೆ. ಇದಕ್ಕಿಂತ ನೀಚತನ ಬೇಕೇ?

ನಾಳೆ ಆ ತೋಟದವರು ಮತ್ತೆ ಬರುತ್ತಾರೆ, ನಾನು ಎಲ್ಲರೆದುರಿಗೇ ಹೇಳುತ್ತೇನೆ. ಕಾರಂತೂ ವಾಪಸು ಬರುವುದಿಲ್ಲ, ನಿಮ್ಮ ಮಗ ನನ್ನೊಡನೆ ಎಷ್ಟು ದಿನ ಮಾತು ಬಿಡುತ್ತಾರೋ ಗೊತ್ತಿಲ್ಲ. ಆದರೂ ನಿಮ್ಮ ಮಾತು ಬುರುಡೆಯಲ್ಲವೆಂದು ಗೊತ್ತಿರುವವಳು ನಾನೊಬ್ಬಳೇ. ನಿಮ್ಮನ್ನು ಮಣ್ಣು ಮಾಡಿ ಬಂದ ಸಂಜೆ, ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಶೆಡ್ಡಿಗೆ ಹೋಗಿದ್ದೆ. ಅವತ್ತು ಸೋಮವಾರ. ಡಬ್ಬಿಯಲ್ಲಿ ನಿಮ್ಮ ಎಣ್ಣೆ ಇನ್ನೂ ಇತ್ತು. ಹ್ಯಾಂಡಲ್ ಹಾಕಿದೆ. ಒಂದೇ ಕೈಯಲ್ಲಿ ತಿರುಗಿತು, ಮಾವಾ.