ನಿಲ್ಲಿಸುವ ತಗಡು

ಜೂನ್ 3, ಬೆಳಿಗ್ಗೆ 5.50

ಪುಟ್ಟಿ ಮೂರು ಸಲ ಎದ್ದಳು. ನಾನು ಏಳಲಿಲ್ಲ. ಮಲಗಿದ್ದರೆ ತಾನೇ ಏಳುವುದು. ಹಾಲು ಕಾಯಿಸಿದೆ. ಗ್ಯಾಸ್ ಆಫ್ ಆಗಿದೆಯೇ ಎಂದು ನೋಡಿದೆ. ಆಗಿತ್ತು. ಮತ್ತೆ ಹೋಗಿ ನೋಡಿದೆ.

ಹಿತ್ತಿಲಲ್ಲಿ ಇವರೂ ಮಾವನೂ ಆಗಲೇ ಟ್ರಾಕ್ಟರಿನ ಹೊಟ್ಟೆ ಬಗೆದು ಕೂತಿದ್ದಾರೆ. ನಮ್ಮ ನರ್ಸರಿಯಲ್ಲಿ ಮಣ್ಣು, ಕುಂಡ ಎಳೆಯುವ ಪುಟಾಣಿ ಟ್ರಾಕ್ಟರು. ವಯಸ್ಸಿನಲ್ಲಿ ಇವರಿಗೆ ಅಣ್ಣ. ಕಿಡಿ ಕೊಡುವ ಮ್ಯಾಗ್ನೆಟೊ ಸತ್ತಿದೆ, ಹೊಸದು ಎಲ್ಲೂ ಸಿಗುವುದಿಲ್ಲವಂತೆ. ಅದನ್ನು ಕಿತ್ತು ಬ್ಯಾಟರಿ, ಕಾಯಿಲ್, ಒಂದು ಕೀಲಿ ಹಾಕುತ್ತಾರಂತೆ.

"ನಲವತ್ತು ವರ್ಷ ಕೀಲಿ ಇಲ್ಲದೆ ಓಡಿದೆ. ಈ ವಯಸ್ಸಲ್ಲಿ ಅದಕ್ಕೆ ಮೂಗುದಾರ ಹಾಕ್ತೀಯಲ್ಲೋ," ಎಂದರು ಮಾವ.

ಜೂನ್ 5, ಮಧ್ಯಾಹ್ನ

ಓಡಿತು. ಹಗ್ಗದ ಒಂದೇ ಎಳೆತಕ್ಕೆ. ಮಾವ ಪುಟ್ಟಿಯನ್ನು ಎತ್ತಿ ಕುಣಿಸಿದರು.

ಇವರು ಪಾಠ ಮಾಡಿದರು. ಮ್ಯಾಗ್ನೆಟೊಗೆ ಚಕ್ರ ಜೋರಾಗಿ ತಿರುಗಬೇಕಿತ್ತು, ಬ್ಯಾಟರಿಗೆ ಆ ಹಂಗಿಲ್ಲ. "ಕೈಯಲ್ಲಿ ಮೆಲ್ಲಗೆ ತಿರುಗಿಸಿದ್ರೂ ಕಿಡಿ ಬರುತ್ತೆ, ಗೊತ್ತಾ?"

ಹೆಮ್ಮೆಯಿಂದ ಹೇಳಿದರು. ನಾನು ಚಕ್ರ ನೋಡುತ್ತಿದ್ದೆ. ಹಗ್ಗ ಸುತ್ತುವ ಚಕ್ರ ಪುಟ್ಟಿಯ ಎದೆಯ ಎತ್ತರಕ್ಕಿದೆ. ಹದಿನಾಲ್ಕು ತಿಂಗಳ ಕೂಸು, ಹಿತ್ತಿಲಿಗೆ ಬಿಟ್ಟರೆ ನೇರ ಹೋಗಿ ಅದನ್ನೇ ಹಿಡಿದು ನಿಲ್ಲುತ್ತಾಳೆ.

"ಕೀಲಿ ಆಫ್ ಇದ್ರೆ ಏನೂ ಬರಲ್ಲ ಕಣೆ," ಎಂದರು.

ಜೂನ್ 8, ಸಂಜೆ

ಕೀಲಿ ಆಫ್ ಇರುವುದಿಲ್ಲ.

ಮಾವ ಎಂಜಿನ್ ನಿಲ್ಲಿಸುವುದು ಹಳೆಯ ರೀತಿಯಲ್ಲೇ. ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗಿನ ಪಕ್ಕ ಒಂದು ಉಕ್ಕಿನ ತಗಡು ಇದೆ. ಮುಂದೆ ಬಾಗಿ ಅದನ್ನು ಪ್ಲಗ್ಗಿನ ತಲೆಗೆ ಒತ್ತುತ್ತಾರೆ. ಕಿಡಿ ಸಾಯುತ್ತದೆ, ಎಂಜಿನ್ ನಿಲ್ಲುತ್ತದೆ, ಇಳಿದು ಬರುತ್ತಾರೆ. ಮ್ಯಾಗ್ನೆಟೊ ಇದ್ದಾಗ ಅಷ್ಟು ಸಾಕಿತ್ತು. ನಿಂತ ಎಂಜಿನ್ ಹೆಣ. ಈಗ ಹಾಗಲ್ಲ. ತಗಡು ಬಿಟ್ಟ ಕೂಡಲೇ ಬ್ಯಾಟರಿ ಮತ್ತೆ ಕಾಯುತ್ತಾ ಕೂತಿರುತ್ತದೆ. ಇವತ್ತು ಅವರು ಇಳಿದು ಒಂದು ಗಂಟೆಯ ಮೇಲೆ ಕಾಯಿಲ್ ಮುಟ್ಟಿದೆ. ಇಸ್ತ್ರಿಪೆಟ್ಟಿಗೆಯ ಹಾಗೆ ಬಿಸಿ, ಅಂದರೆ ಕರೆಂಟು ಹರಿಯುತ್ತಲೇ ಇದೆ. ಬಿಎಸ್ಸಿ ಫಿಸಿಕ್ಸ್ ಮೊದಲ ಸಲ ಉಪಯೋಗಕ್ಕೆ ಬಂತು.

ಇವರಿಗೆ ಹೇಳಿದೆ. "ಮೊನ್ನೆ ಫ್ಯಾನ್ ಕಳಚಿ ಬೀಳುತ್ತೆ ಅಂದೆ. ಆಚೆಮೊನ್ನೆ ದಿಂಬಿಂದ ಮಗು ಉಸಿರು ಕಟ್ಟುತ್ತೆ ಅಂದೆ. ಇವತ್ತು ಇದು," ಎಂದರು. ಆದರೂ ಮಾವನಿಗೆ ಹೇಳಿದರು. ಮಾವ "ಆಯ್ತಪ್ಪ" ಎಂದರು. ಸಂಜೆ ಮತ್ತೆ ಬಿಸಿ.

ಫ್ಯಾನ್ ಬೀಳಲಿಲ್ಲ, ನಿಜ. ಅದಕ್ಕೇ ಇದೂ ಸುಳ್ಳಾಗಬೇಕೇ?

ಜೂನ್ 9, ಬೆಳಿಗ್ಗೆ 11.15

ಪರೀಕ್ಷೆ ಮಾಡಿದೆ. ಮಾವ ಇಳಿದು ಹೋದ ಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸಿದೆ, ಮೆಲ್ಲಗೆ. ಎಂಜಿನ್ ಒಮ್ಮೆ ಕೆಮ್ಮಿತು. ಒಂದೇ ಸಲ. ಚಕ್ರ ಹಿಂದಕ್ಕೆ ಒದೆಯಿತು. ಹೆಬ್ಬೆರಳು ಊದಿದೆ. ಬಾಗಿಲಿಗೆ ಸಿಕ್ಕಿತು ಎಂದೆ. ಪುಟ್ಟಿಯ ಶಕ್ತಿಗೆ ಅದು ತಿರುಗದಿರಬಹುದು... ತಿರುಗಿದರೆ?

ನಾದಿನಿ ಫೋನ್ ಮಾಡಿದ್ದಳು. "ಮಗೂನ ಒಂದು ತಿಂಗಳು ನನ್ನ ಹತ್ರ ಬಿಡಿ ಅತ್ತಿಗೆ. ನೀವು ನಿದ್ದೆ ಮಾಡಿ. ಅಣ್ಣ ಎಲ್ಲಾ ಹೇಳಿದಾನೆ."

ಎಲ್ಲಾ ಎಂದರೆ ಏನೇನು?

ಹೆಬ್ಬೆರಳಿನ ನಿಜ ಇವರಿಗೆ ಹೇಳುವುದಿಲ್ಲ.

ಜೂನ್ 10, ಮಧ್ಯಾಹ್ನ 2.40

ಮಾವ ಮಲಗಿದ್ದಾರೆ. ತಗಡು ಬಿಚ್ಚಿದೆ. ಒಂದೇ ಸ್ಕ್ರೂ, ಅರ್ಧ ನಿಮಿಷದ ಕೆಲಸ. ಇನ್ನು ಕೀಲಿ ತಿರುಗಿಸದೆ ಗತಿಯಿಲ್ಲ. ತಗಡು ನನ್ನ ಹೊಲಿಗೆ ಡಬ್ಬಿಯಲ್ಲಿದೆ. ಎಷ್ಟು ಹಗುರ.

ನಿದ್ದೆಗೆ ಕಣ್ಣು ಎಳೆಯುತ್ತಿದೆ. ತಾನಾಗಿಯೇ.

ಜೂನ್ 17

ತಗಡು ಬಿಚ್ಚಿದ ಅದೇ ಸಂಜೆ.

ಮಾವ ಟ್ರಾಕ್ಟರನ್ನು ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಲು ಬಂದರು. ಕ್ಲಚ್ ಒತ್ತಿ, ಯಾವತ್ತಿನ ಹಾಗೆ ಬಾಗಿ ಕೈ ಹಾಕಿದರು. ತಗಡಿಲ್ಲ. ಕೈ ಬರಿಯ ಪ್ಲಗ್ಗಿನ ತಲೆಯ ಮೇಲೆ ಬಿತ್ತು. ಶಾಕ್ ಹೊಡೆಯಿತು, ಕಾಲು ಕ್ಲಚ್ಚಿನಿಂದ ಜಾರಿತು, ಟ್ರಾಕ್ಟರು ಟ್ಯಾಂಕಿನ ಗೋಡೆಗೆ ನುಗ್ಗಿತು. ಮಾವ ಕೆಳಗೆ. ಪಾದದಲ್ಲಿ ಎರಡು ಮೂಳೆ ಮುರಿದಿದೆ. ಪುಟ್ಟಿ ನನ್ನ ಸೊಂಟದ ಮೇಲಿದ್ದಳು, ಹತ್ತು ಹೆಜ್ಜೆ ಈಚೆಗೆ. ಎಷ್ಟೋ ಸಂಜೆ ಅವಳು ಅವರ ತೊಡೆಯ ಮೇಲೆ...

ಬರೆಯಲಾರೆ.

ಇವರು ಹೇಳುತ್ತಾರೆ: "ಅದುರಿ ಅದುರಿ ಬಿದ್ದುಹೋಗಿದೆ. ಆ ಸ್ಕ್ರೂ ನಾನು ಬಿಗಿ ಮಾಡ್ಬೇಕಿತ್ತು. ನನ್ನದೇ ತಪ್ಪು." ದಿನವೂ ಅಯಸ್ಕಾಂತ ಹಿಡಿದು ಹುಲ್ಲಿನಲ್ಲಿ ಹುಡುಕುತ್ತಾರೆ. ನಿನ್ನೆ ನಾನೂ ಹುಡುಕಿದೆ. ಇವರ ಜೊತೆ, ಬಗ್ಗಿ, ಒಂದು ಗಂಟೆ.

ಜೂನ್ 19, ಮಧ್ಯಾಹ್ನ

ಮಾವನಿಗೆ ದಿಂಬು ಸರಿಮಾಡಿದೆ.

"ನಲವತ್ತು ವರ್ಷ ನಾನು ಅದನ್ನ ಒದ್ದೆ. ಒಂದ್ಸಲ ಅದು ಒದೀತು. ಅದಕ್ಕೂ ಆಸೆ ಇರುತ್ತಲ್ಲಮ್ಮ," ಎಂದು ನಕ್ಕರು. ನನಗೆ ನಗು ಬರಲಿಲ್ಲ. "ನೀನ್ಯಾಕೆ ಇಷ್ಟು ಬಿಳಿಚಿಕೊಂಡಿದ್ದೀಯ? ಬಿದ್ದಿದ್ದು ನಾನು."

ತಗಡಿದ್ದ ಜಾಗದಲ್ಲೇ ಕೀಲಿ ಕೂರಿಸಿದ್ದರೆ ಸಾಕಿತ್ತು. ಅವರ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಇಷ್ಟು ಸಣ್ಣ ವಿಷಯ ಅವತ್ತು ಹೊಳೆಯಲಿಲ್ಲ. ತಲೆಯೊಳಗೆ ಹತ್ತಿ ತುಂಬಿದಂತಿತ್ತು.

ಜೂನ್ 20, ಬೆಳಿಗ್ಗೆ 10

ಹೊರಗೆ ಅರ ಉಜ್ಜುವ ಸದ್ದು. ಗರಗಸದ ಹಳೆಯ ಅಲಗಿನಿಂದ ಇವರು ಹೊಸ ತಗಡು ಮಾಡುತ್ತಿದ್ದಾರೆ. "ಸ್ಕ್ರೂನ ಸಹವಾಸವೇ ಬೇಡ. ಇವತ್ತೇ ವೆಲ್ಡ್ ಮಾಡಿಸಿಬಿಡ್ತೀನಿ. ಅಪ್ಪ ಏಳೋ ಹೊತ್ತಿಗೆ ರೆಡಿ ಇರ್ಬೇಕು."

ವೆಲ್ಡ್ ಆದರೆ ಮತ್ತೆ ಅದೇ. ಮಾವ ತಗಡು ಒತ್ತಿ ಇಳಿಯುತ್ತಾರೆ, ಕೀಲಿ ಆನ್, ಪುಟ್ಟಿಯ ಕೈ ಚಕ್ರದ ಮೇಲೆ. ಹೇಳಿದರೆ ಪುಟ್ಟಿ ನಾದಿನಿಯ ಮನೆಗೆ. ಒಂದು ತಿಂಗಳಂತೆ. ಮಾವನ ಕಾಲು ಮುರಿದವಳ ಕೈಗೆ ಮಗುವನ್ನು ತಿಂಗಳಾದ ಮೇಲಾದರೂ ಯಾರು ಕೊಡುತ್ತಾರೆ? ನಾನಾದರೂ ಕೊಡುತ್ತಿದ್ದೆನೇ?

ಅರದ ಸದ್ದು ನಿಂತಿತು.

ಹೊಲಿಗೆ ಡಬ್ಬಿಯಿಂದ ಹಳೆಯ ತಗಡು ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಪುಟ್ಟಿ ತೊಡೆಯ ಮೇಲಿದ್ದಾಳೆ. ಬಿಗಿಯಾಗಿ ಹಿಡಿದೆನೇನೋ, ಕೊಸರುತ್ತಿದ್ದಾಳೆ. ಚಪ್ಪಲಿ ಬಿಡುವ ಸದ್ದು. ಮೊದಲು ಕೀಲಿಯ ವಿಷಯ ಹೇಳಬೇಕು, ಆಮೇಲೆ ಇದು — ಅಲ್ಲ. ಮೊದಲು ಇದು. "ರೀ, ಅದು ಬಿದ್ದುಹೋಗಿಲ್ಲ," ಎಂದು ಶುರು ಮಾಡಿ, ನಾನೇ ಬಿಚ್ಚಿದ್ದು ಎಂದು...