ತೂಬಿನೆದುರಿನ ಕ್ಯಾಮೆರಾ

ಮಳವಳ್ಳಿ
೧ ಸೆಪ್ಟೆಂಬರ್ ೨೦೨೫, ಸೋಮವಾರ

ಪ್ರೀತಿಯ ವೀಣ,

ನಿನ್ನ ಕತ್ತುನೋವು ಈಗ ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಬೀರುವಿನಲ್ಲಿ ಮಡಚಿಟ್ಟಿದ್ದೀಯೋ? ಅಳಿಯಂದಿರು ಕ್ಷೇಮವೆಂದು ನಂಬಿದ್ದೇನೆ. ನಿಮ್ಮಮ್ಮನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದೆ, ಉಳಿದಂತೆ ಆರಾಮ. ನಾವು ಕಳಿಸಿದ ಗೌರಿಹಬ್ಬದ ಬಾಗಿನ ತೆಗೆದುಕೊಂಡೆಯಂತೆ, ಸಂತೋಷ. ತಂದುಕೊಟ್ಟವನಿಗೆ ಕಾಫಿ ಕೊಟ್ಟು ಅಮ್ಮನ ಮಂಡಿ, ಹಸು, ನಾಟಿ ಎಲ್ಲವನ್ನೂ ವಿಚಾರಿಸಿದೆಯಂತೆ. ನನ್ನನ್ನು ವಿಚಾರಿಸಲಿಲ್ಲವಂತೆ. ಅದಕ್ಕೆ ಬೇಸರವಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಆದ್ದರಿಂದ ಇಪ್ಪತ್ತೈದು ಮೈಲಿಯೂ ಇಲ್ಲದ ಮದ್ದೂರಿಗೆ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು.

ನೀನು ಮದುವೆಗೆ ಮುಂಚೆ ಮೊದಲ ಸಂಬಳದಲ್ಲಿ ಕೊಂಡ ಬೆಳ್ಳಿ ಬಣ್ಣದ ಪುಟ್ಟ ಕ್ಯಾಮೆರಾ ನೆನಪಿದೆಯಲ್ಲ? ಮೇಲಿನ ಬೀರುವಿನಲ್ಲಿ ಅದರ ಚಾರ್ಜರ್ ಸಮೇತ ಇತ್ತು. ನಿನ್ನನ್ನು ಕೇಳದೆ ತೆಗೆದುಕೊಂಡೆ. ಏಕೆಂದು ಹೇಳುತ್ತೇನೆ. ಆಷಾಢದಲ್ಲಿ ನಮ್ಮ ನೀರಿನ ಸರದಿಯ ದಿನಗಳಲ್ಲೇ ಗದ್ದೆಯ ತೂಬಿನ ಗೇಟು ಬೆಳಗಾಗುವಷ್ಟರಲ್ಲಿ ಮುಚ್ಚಿರುತ್ತಿತ್ತು. ಅದು ಮುಚ್ಚಿದರೆ ನೀರು ಮೇಲಿನ ಗದ್ದೆಗೆ ಏರುತ್ತದೆ. ಮೇಲಿನ ಗದ್ದೆ ಅಳಿಯಂದಿರದು, ಅವರು ಕೆಲಸಕ್ಕೆ ಹೋಗುವ ಮುಂಚೆ ದಿನ ಬಿಟ್ಟು ದಿನ ಬೈಕಿನಲ್ಲಿ ಬಂದು ಗದ್ದೆ ನೋಡಿಕೊಂಡು ಹೋಗುತ್ತಿದ್ದರು. ನಾನು ಎರಡನ್ನೂ ಕೂಡಿಸಿದೆ. ಚೌಡಯ್ಯನ ಟೀ ಅಂಗಡಿಯಲ್ಲಿ ಆರೇಳು ಜನರ ಎದುರು, ಅಳಿಯಂದಿರೂ ಲೋಟ ಹಿಡಿದು ಅಲ್ಲೇ ನಿಂತಿರುವಾಗ, ಚೌಡಯ್ಯನ ಕಡೆ ತಿರುಗಿ, "ಎಣ್ಣೂ ಕೊಟ್ಟೆ, ಈಗ ನೀರೂ ಕದೀತಾವ್ನೆ ಕಣ್ಲಾ" ಅಂದೆ. ಅವರು ಅರ್ಧ ಕುಡಿದ ಲೋಟವನ್ನು ಹಲಗೆಯ ಮೇಲಿಟ್ಟು ಬೈಕ್ ಹತ್ತಿದರು. ಆ ಸಂಜೆ ನೀನು ಫೋನಿನಲ್ಲಿ, "ಅಪ್ಪ, ಅವ್ರಿಗೆ ಅಂದಿದ್ದು ನಂಗೂ ಅಂದಂಗೆ" ಎಂದು ಇಟ್ಟೆ. ಅದು ನಮ್ಮಿಬ್ಬರ ಕೊನೆಯ ಮಾತು.

ಆಮೇಲೆ ಅವರು ಗದ್ದೆಯ ಕಡೆ ಬರಲೇ ಇಲ್ಲ, ಅರ್ಧ ಬೆಳೆಯ ಲೆಕ್ಕದಲ್ಲಿ ಬೇರೊಬ್ಬನಿಗೆ ವಾರಕ್ಕೆ ಕೊಟ್ಟುಬಿಟ್ಟರು. ಗೇಟು ಮಾತ್ರ ಮುಚ್ಚುತ್ತಲೇ ಇತ್ತು. ವಾರಕ್ಕೆ ಮಾಡುವವನಿಗೆ ಹೇಳಿಕೊಟ್ಟು ಮುಚ್ಚಿಸುತ್ತಿದ್ದಾರೆ ಎಂದೆ. ಚೌಡಯ್ಯ ಕೇಳಿದ: "ನೋಡ್ದೋರು ಯಾರವ್ರೆ ಚಿಕ್ಕಣ್ಣ? ಸಾಕ್ಸಿ ಏನೈತೆ?" ಮೂವತ್ತನಾಲ್ಕು ವರ್ಷ ಬ್ಲಫ್‌ನ ಜಲವಿದ್ಯುತ್ ಪವರ್ ಹೌಸಿನಲ್ಲಿ ಅಳತೆ ನೋಡಿ ಬರೆಯುತ್ತಿದ್ದವನಿಗೆ ಆ ಪ್ರಶ್ನೆ ಸರಿ ಅನ್ನಿಸಿತು. ಸಾಕ್ಷಿ ತರೋಣವೆಂದು ಹೊರಟೆ.

ಮಳವಳ್ಳಿಯಲ್ಲಿ ಸ್ಟುಡಿಯೋ ಇಟ್ಟಿರುವ ಪ್ರಸನ್ನ ನಿನ್ನ ಕ್ಯಾಮೆರಾ ತಿರುಗಿಸಿ ನೋಡಿ, "ಇದು ತಾನಾಗೇ ಐದೈದು ನಿಮ್ಸಕ್ಕೆ ಪೋಟೊ ಒಡೆಯಾಕಿಲ್ಲ ಸಾರ್, ಕಂಪ್ನಿಯೋರು ಆ ಸವ್ಲತ್ತು ಕೊಟ್ಟಿಲ್ಲ" ಅಂದ. ಇನ್ನೊಂದು ದಾರಿ ಇದೆಯೆಂದೂ ಅವನೇ ಹೇಳಿದ. ಕ್ಯಾಮೆರಾದ ಒಳಗೆ ಕೂತು ಅದನ್ನು ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಅನ್ನುತ್ತಾರೆ. ಕಂಪನಿಗೆ ಸಂಬಂಧವಿಲ್ಲದ ಯಾರೋ ಹವ್ಯಾಸಿಗಳು ಇಂಥ ಹಳೆಯ ಕ್ಯಾಮೆರಾಗಳಿಗೆಂದು ತಾವೇ ಒಂದು ಫರ್ಮ್‌ವೇರ್ ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಮೆಮೊರಿ ಕಾರ್ಡಿಗೆ ಅದನ್ನು ಹಾಕಿ, ಕಾರ್ಡಿನ ಪಕ್ಕದ ಸಣ್ಣ ಗುಂಡಿಯನ್ನು ಲಾಕ್ ಕಡೆಗೆ ಸರಿಸಿದರೆ, ಕ್ಯಾಮೆರಾ ಏಳುವಾಗ ಕಾರ್ಡಿನಲ್ಲಿರುವ ಮಾತು ಕೇಳುತ್ತದೆ. ಕಾರ್ಡ್ ತೆಗೆದರೆ ಮತ್ತೆ ಮೊದಲಿನಂತೆ. ಒಳಗಿನ ಮೂಲ ಫರ್ಮ್‌ವೇರನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ನಿನ್ನ ಸಾಮಾನು ಕೆಡಿಸಿದೆನೆಂದು ತಿಳಿಯಬೇಡ.

ಮೊದಲ ಸಲ ಆವೃತ್ತಿ ತಪ್ಪಾಗಿತ್ತು. ಲೆನ್ಸ್ ಹೊರಗೆ ಚಾಚಿದ್ದು ಹಾಗೇ ನಿಂತು ಪರದೆ ಕಪ್ಪಾಯಿತು. "ಓಯ್ತು ಸಾರ್ ಇದು" ಎಂದು ಪ್ರಸನ್ನ ಕೈಬಿಟ್ಟ. ನಾನು ಬ್ಯಾಟರಿ ಬಿಚ್ಚಿ, ಕಾಲು ಗಂಟೆ ಬಿಟ್ಟು ಹಾಕಿದೆ. ಎದ್ದಿತು. ಒಂದೇ ಹೆಸರಿನ ಕ್ಯಾಮೆರಾದಲ್ಲೂ ಒಳಗೆ ಮೂರ್ನಾಲ್ಕು ಆವೃತ್ತಿಗಳಿರುತ್ತವಂತೆ, ಸರಿಯಾದದ್ದೇ ಹಾಕಬೇಕು. ಅದನ್ನು ಕಂಡುಹಿಡಿದು ಎರಡನೆಯ ಸಲ ಹಾಕಿದಾಗ ಪರದೆಯ ಮೇಲೆ ಹೊಸ ಅಕ್ಷರಗಳು ಮೂಡಿದವು. ಐದು ನಿಮಿಷಕ್ಕೊಂದು ಚಿತ್ರ, ಪರದೆ ಆರಿಸಿ ಬ್ಯಾಟರಿ ಉಳಿಸು, ಬೆಳಕು ಕಡಿಮೆಯಿದ್ದರೆ ಕಣ್ಣು ಹೆಚ್ಚು ಹೊತ್ತು ತೆರೆದಿಡು, ಹೇಳಿದ್ದೆಲ್ಲವನ್ನೂ ಕೇಳಿತು. ಹದಿನೈದು ವರ್ಷದ ಹಳೆಯ ಯಂತ್ರದಲ್ಲಿ ಇಷ್ಟೆಲ್ಲ ಶಕ್ತಿ ಸುಮ್ಮನೆ ಮಲಗಿತ್ತು ನೋಡು. ನಿವೃತ್ತಿಯಾದ ಮೇಲೆ ನನಗೆ ಅಷ್ಟು ಖುಷಿಯಾದದ್ದು ಅವತ್ತೇ.

ಬಿಸ್ಕೆಟ್ ಡಬ್ಬಕ್ಕೆ ತೂತು ಕೊರೆದು, ಕ್ಯಾಮೆರಾವನ್ನು ಅದರೊಳಗಿಟ್ಟು, ತೂಬಿನೆದುರಿನ ಹೊಂಗೆ ಮರಕ್ಕೆ ದಿನಾ ಸಂಜೆ ಕಟ್ಟಿ, ಬೆಳಿಗ್ಗೆ ಬಿಚ್ಚಿ ತರತೊಡಗಿದೆ. ಮೊದಲೆರಡು ದಿನ ಗೇಟು ಮುಚ್ಚಲಿಲ್ಲ. ಚಿತ್ರಗಳಲ್ಲಿ ಬೆಳ್ಳಕ್ಕಿ, ಯಾರದೋ ಎಮ್ಮೆ, ಇಬ್ಬನಿ. ಮೂರನೆಯ ಬೆಳಿಗ್ಗೆ ತಿಂಡಿ ತಿಂದು ಹೋದರೆ ಗೇಟು ಮುಚ್ಚಿತ್ತು. ಸಿಕ್ಕಿಬಿದ್ದ ಎಂದುಕೊಂಡೆ. ಡಬ್ಬ ಬಿಚ್ಚಿಕೊಂಡು ಮನೆಗೆ ಬಂದು, ಕಾರ್ಡನ್ನು ನೀನು ಬಿಟ್ಟುಹೋದ ಹಳೆಯ ಕಂಪ್ಯೂಟರಿಗೆ ಹಾಕಿದೆ. ಐದು ಐವತ್ತೆರಡರ ಚಿತ್ರದಲ್ಲಿ ಒಬ್ಬ ಬದುವಿನ ಮೇಲೆ ಬರುತ್ತಿದ್ದಾನೆ. ಐವತ್ತೇಳರದರಲ್ಲಿ ಬೆನ್ನು ಬಗ್ಗಿಸಿ ಎರಡೂ ಕೈಯಲ್ಲಿ ಗೇಟಿನ ಚಕ್ರ ತಿರುಗಿಸುತ್ತಿದ್ದಾನೆ. ಆರು ಎರಡರದರಲ್ಲಿ ಕ್ಯಾಮೆರಾದ ಕಡೆಗೆ ಮುಖ, ಕೈಯಲ್ಲಿ ಪುಸ್ತಕ, ಏನೋ ಬರೆಯುತ್ತಿದ್ದಾನೆ. ಖಾಕಿ ಅಂಗಿ. ನಿಮ್ಮಮ್ಮನನ್ನು ಕರೆದು "ಯಾರು ನೋಡು" ಅಂದೆ. ಅವಳು ಕನ್ನಡಕ ಹಾಕಿಕೊಂಡು ಬಂದು ನೋಡಿದಳು. "ನೀವೇ ಕಣ್ರೀ" ಅಂದಳು.

ನನಗೆ ಆ ಬೆಳಗಿನ ನೆನಪು ಏನೂ ಇರಲಿಲ್ಲ. ಈಗಲೂ ಇಲ್ಲ. ನಿಮ್ಮಮ್ಮನನ್ನು ಕೇಳಿದರೆ, "ಎಷ್ಟೋ ದಿನ್ದಿಂದ ಬೆಳ್ಬೆಳಗ್ಗೆ ಎದ್ದು ಡ್ಯೂಟಿಗೆ ಒಂಟೆ ಅಂತ ಓಯ್ತೀರಿ. ತಮಾಸೆ ಮಾಡ್ತೀರಿ, ವಾಕಿಂಗು ಅಂದ್ಕಂಡಿದ್ದೆ" ಅಂದಳು. ಗೂಟದಲ್ಲಿದ್ದ ಖಾಕಿ ಅಂಗಿಯ ಜೇಬು ನೋಡಿದೆ. ಸಣ್ಣ ಪುಸ್ತಕವಿತ್ತು. ನನ್ನದೇ ಅಕ್ಷರ, ಜುಲೈ ಮೂರರಿಂದ. "೫.೫೮. ಗೇಟ್ ಬಂದ್. ಎಲ್ಲ ಸರಿ." ಕೆಳಗೆ ಸಹಿ. ಹಾಗೆ ಹತ್ತೊಂಬತ್ತು ದಿನ. ಬ್ಲಫ್‌ನಲ್ಲಿ ರಾತ್ರಿ ಪಾಳಿ ಮುಗಿಯುವ ಮುಂಚೆ ಒಂದು ವಾಲ್ವ್ ಮುಚ್ಚಿ, ಹೊತ್ತು ಬರೆದು, ಸಹಿ ಹಾಕಿ ಮುಂದಿನವನಿಗೆ ಒಪ್ಪಿಸಬೇಕಿತ್ತು. ಕೈಗೆ ಅದು ನೆನಪಿದೆ. ತಲೆಗೆ ನಾನು ಮನೆಗೆ ಬಂದು ಒಂಬತ್ತು ವರ್ಷವಾಯಿತೆಂಬುದು ಒಮ್ಮೊಮ್ಮೆ ಇರುವುದಿಲ್ಲ. ಅಳಿಯಂದಿರನ್ನು ಕಳ್ಳನೆಂದ ದಿನದ ತಾರೀಖಿನ ಎದುರಿಗೂ "ಎಲ್ಲ ಸರಿ" ಎಂದೇ ಬರೆದಿದೆ.

ಮಂಡ್ಯದಲ್ಲಿ ಡಾಕ್ಟರಿಗೆ ತೋರಿಸಿದ್ದಾಯಿತು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸಮಾಧಾನದವಳು. ಗಡಿಯಾರದ ಚಿತ್ರ ಬರೆಯಿರಿ ಅಂದಳು, ಬರೆದೆ. ಅಂಕಿಗಳೆಲ್ಲ ಒಂದೇ ಪಕ್ಕಕ್ಕೆ ಬಂದಿದ್ದವು. ನನಗದು ಸರಿಯಾಗಿಯೇ ಕಂಡಿತ್ತು. ಮರೆವಿನ ಕಾಯಿಲೆ ಶುರುವಾಗಿದೆ, ಮಾತ್ರೆಯಿಂದ ನಿಲ್ಲುವುದಿಲ್ಲ, ನಿಧಾನವಾಗಬಹುದು ಅಂದಳು. ನನಗೆ ಗಾಬರಿಯಾಗಲಿಲ್ಲ. ನಿಮ್ಮಮ್ಮ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಈಗ ಖಾಕಿ ಅಂಗಿಯನ್ನು ಅವಳು ಎಲ್ಲೋ ಎತ್ತಿಟ್ಟಿದ್ದಾಳೆ, ಬಾಗಿಲಿಗೆ ಒಳಗಿನಿಂದ ಮೇಲುಚಿಲಕ ಹಾಕಿಸಿದ್ದಾಳೆ. ನೀರು ಬರುತ್ತಿದೆ, ನಾಟಿ ಹಸಿರಾಗಿದೆ. ಕ್ಯಾಮೆರಾವನ್ನು ಒರೆಸಿ ಅದರ ಚೀಲದಲ್ಲೇ ಇಟ್ಟಿದ್ದೇನೆ. ಕಾರ್ಡನ್ನು ಮಾತ್ರ ಅಳಿಸಿಲ್ಲ.

ನಿನಗೂ ಅಳಿಯಂದಿರಿಗೂ ಒಳ್ಳೆಯದಾಗಲಿ. ಕತ್ತಿನ ಪಟ್ಟಿ ಕಟ್ಟಿಕೋ.

ನಿನ್ನ ಅಪ್ಪ,
ಚಿಕ್ಕಣ್ಣ

ತಾ.ಕ.: ಅಂಚೆಯ ಹೊತ್ತಾಯಿತು. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಳಿಯಂದಿರನ್ನು ಕರೆದುಕೊಂಡು ಚೌಡಯ್ಯನ ಅಂಗಡಿಗೆ ಬಾ. ಆವತ್ತು ಅಲ್ಲಿದ್ದವರಿಗೆಲ್ಲ ಹೇಳಿದ್ದೇನೆ, ಬರುತ್ತಾರೆ. ನಾನು ಅಂದ ಮಾತು ಇವತ್ತಿನವರೆಗೆ ಅಕ್ಷರ ಬಿಡದೆ ನೆನಪಿದೆ. ಮರೆತ ಮೇಲೆ ಕ್ಷಮೆ ಕೇಳಿದರೆ ಅದು ಕೇಳಿದಂತಾಗುವುದಿಲ್ಲ, ಆದ್ದರಿಂದ ಮುಂದಿನ ವಾರ ನೋಡೋಣ ಅನ್ನಬೇಡ. ಅಲ್ಲಿಗೆ ಬಂದ ಮೇಲೆ, ಇವರನ್ನೆಲ್ಲ ಏಕೆ ಕರೆಸಿದ್ದೆ ಎಂದು ನಾನೇ ನಿನ್ನನ್ನು ಕೇಳಿದರೆ, ಸಿಟ್ಟಾಗದೆ ಪಕ್ಕದಲ್ಲಿ ನಿಂತು ಹೇಳಿಕೊಡು. ನೀನು ಹೇಳಿದಂತೆ ಹೇಳುತ್ತೇನೆ.