ಏಳನೇ ಗಾಡಿಯ ಬ್ಯಾಟರಿ

ಮಂಗಳವಾರ, ಮಾರ್ಚ್ ೧೨

ನಾನು ಬಾಯಿ ಬಿಡಲಿಲ್ಲ. ಬೆಳಿಗ್ಗೆಯಿಂದ ಅದೇ ಕೊರೆಯುತ್ತಿದೆ.

ಗಾಲ್ಫ್ ಗಾಡಿಯ ಬ್ಯಾಟರಿಗೆ ನೀರು ತುಂಬುವುದು ಚಾರ್ಜ್ ಆದ ಮೇಲೆ. ಗಾಲ್ಫ್ ಕ್ಲಬ್ಬಿನಲ್ಲಿ ತಮ್ಮ ಕೈಕೆಳಗೆ ಕೆಲಸಕ್ಕೆ ಸೇರಿಸಿದ ದಿನವೇ ಭಾವ ಹೇಳಿಕೊಟ್ಟಿದ್ದರು. ನಿನ್ನೆ ಮನೆಗೆ ಹೊರಡುವ ಅವಸರದಲ್ಲಿ ಏಳನೇ ಗಾಡಿಗೆ ಮೊದಲೇ ಕಂಠಮಟ್ಟ ತುಂಬಿಸಿ, ಚಾರ್ಜಿಗೆ ಹಾಕಿ ಬಂದೆ. ಇವತ್ತು ನೋಡಿದರೆ ಆಸಿಡ್ ಉಕ್ಕಿ ಹರಿದು, ಅಡಿಯ ತಟ್ಟೆಯ ಬಣ್ಣವನ್ನೆಲ್ಲ ತಿಂದುಹಾಕಿತ್ತು.

ಮ್ಯಾನೇಜರ್ ಕೆಂಡಾಮಂಡಲವಾದರು. "ಯಾರ ಕೆಲ್ಸ ಇದು?"

ನಾನು ಒರೆಸಿದ ಸೀಟನ್ನೇ ಮತ್ತೆ ಒರೆಸುತ್ತ ನಿಂತೆ. ಭಾವ ಮುಂದೆ ಬಂದರು. "ನಂದೇ ತಪ್ಪು ಸಾರ್. ವಯಸ್ಸಾಯ್ತು, ಮರೆವು."

ಮರೆವಂತೆ! ಯಾವ ಗಾಡಿಯ ಯಾವ ಚಕ್ರದಲ್ಲಿ ಗಾಳಿ ಕಡಿಮೆ ಎಂದು ನಿದ್ದೆಯಲ್ಲೂ ಹೇಳುವ ಮನುಷ್ಯ. ಇನ್ನು ಮೇಲೆ ಅವರು ಗಾಡಿ ತೊಳೆದರೆ ಸಾಕಂತೆ. ಬ್ಯಾಟರಿ ಕೆಲಸ ನನಗೆ ಬಂತು.

ಊಟಕ್ಕೆ ಕೂತಾಗ ಅಕ್ಕನಿಗೆ ಹಿಗ್ಗೋ ಹಿಗ್ಗು. "ನನ್ ತಂಗಿ ಮೇಲೆ ಬಂದ್ಬಿಟ್ಳು!"

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಚಾರ್ಜ್ ಆದ್ಮೇಲೆ ನೀರು ಹಾಕ್ಬೇಕು ಕಣಮ್ಮ. ನನ್ ಹಾಗೆ ಮರೀಬೇಡ."

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಅವರ ಕೈಗವಸು ಈಗ ನನ್ನ ಚೀಲದಲ್ಲಿದೆ. ನನ್ನ ಕೈಗೆ ತೀರಾ ದೊಡ್ಡದು. ನಾಳೆ ಅದನ್ನು ಹಾಕಿಕೊಳ್ಳುವ ಮೊದಲು ಮ್ಯಾನೇಜರಿಗೆ ಹೇಳಿಬಿಡುತ್ತೇನೆ. ಮಧ್ಯಾಹ್ನವೂ ಹೀಗೇ ಅಂದುಕೊಂಡಿದ್ದೆ.